ಹಿರೇಕೆರೆಯ ನೀರುಮಾತು

ಎಳ್ಳಮಾಸಿ ಹಬ್ಬ ಮುಗಿದ ವಾರ. ಹೊಲದಲ್ಲಿ ಜೋಳ ಹಾಲುಗಾಳು ಹಿಡಿದಿತ್ತು. ಹೊತ್ತು ಆಳುದ್ದ ಏರಿದ್ದರೂ ಚಳಿ ಬಿಟ್ಟಿರಲಿಲ್ಲ. ಅಂಬಿಗರ ಮೌನಪ್ಪ ಕೆರೆಯ ಮೂಡಣ ದಂಡೆಯಿಂದ ಹರಗೋಲು ಹಾಕಿಕೊಂಡು ಊರ ಕಡೆ ಬರುತ್ತಿದ್ದ. ಎಲ್ಲ ಶುರುವಾದದ್ದು ಆ ಹೊತ್ತಿನಲ್ಲಿ.

ಬೋನಾಳದ ದೊಡ್ಡ ಕೆರೆಯಿಂದ ಒಂದು ಗುಡ್ಡ ದಾಟಿದರೆ ಈ ಹಿರೇಕೆರೆ. ಹೆಸರಿಗೆ ಹಿರೇಕೆರೆ, ಬೋನಾಳದ ಮುಂದೆ ಇದು ತೊಟ್ಟಿಲ ಕೂಸು. ಅಲ್ಲಿಗೆ ದೂರದೇಶದ ಹಕ್ಕಿ ಬರುತ್ತವೆ, ಹಕ್ಕಿ ನೋಡಲು ಕಾರು ಬರುತ್ತವೆ. ಇಲ್ಲಿಗೆ ಬರುವವನು ಮೀನಿನ ಅಮೀನುದ್ದೀನ ಒಬ್ಬನೇ. ಶಹಾಪುರದಿಂದ ಮೋಟರ್ ಸೈಕಲ್ಲಿನ ಹಿಂದೆ ಬರ್ಫದ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಾನೆ, ತುಂಬಿಕೊಂಡು ಹೋಗುತ್ತಾನೆ.

ಈ ಕೆರೆಯವರದು ಒಂದು ರೂಢಿ. ಹರಗೋಲು ಕಟ್ಟುವ ಜಾಗ ಜೊಂಡಿನ ಮರೆಯಲ್ಲಿದೆ. ಅಲ್ಲಿ ನೀರು ಯಾವಾಗಲೂ ಎಣ್ಣೆ ಹಾಕಿದ ಹಾಗೆ ಸುಮ್ಮನಿರುತ್ತದೆ. ಜೊಂಡಿನಾಚೆ ಏನು ನಡೆದಿದೆ ಎಂದು ನಿಂತವರಿಗೆ ತಿಳಿಯದು. ಅದಕ್ಕೇ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಹೋಗಿ ಬಂದ ಹಿರಿಯ, ದಂಡೆಯಲ್ಲಿ ಕಾದವರಿಗೆ ನೀರು ಹೇಗಿದೆ ಎಂದು ಹೇಳಬೇಕು. ತೆರೆ ದಟ್ಟವಾಗಿ ಬರುತ್ತಿವೆಯೋ, ನಡುವೆ ಬಿಡುವು ಕೊಟ್ಟು ಬರುತ್ತಿವೆಯೋ. ಅಷ್ಟೇ. ಅದಕ್ಕೆ ನೀರುಮಾತು ಅನ್ನುತ್ತಾರೆ. ಆ ಮಾತು ಕೇಳಿ ಉಳಿದವರು ಹುಟ್ಟು ಹಾಕುವ ಕೈಯನ್ನು ಹದಕ್ಕೆ ತಂದುಕೊಳ್ಳುತ್ತಾರೆ. ಹರಗೋಲು ದುಂಡಗಿನದು, ಅದಕ್ಕೆ ಮುಖವಿಲ್ಲ, ಬೆನ್ನಿಲ್ಲ. ತೆರೆ ಏರುವಾಗ ಹುಟ್ಟು ಎತ್ತಬೇಕು, ಇಳಿಯುವಾಗ ಊರಬೇಕು. ಹೊತ್ತು ತಪ್ಪಿತೋ, ಬೀಸುವ ಕಲ್ಲಿನ ಹಾಗೆ ಗರ್ರನೆ ತಿರುಗಿ ಒಂದು ಬಗಲಿನಿಂದ ನೀರು ಕುಡಿಯುತ್ತದೆ.

ಮೌನಪ್ಪನ ಅಪ್ಪ ಇದ್ದಾಗ ನಟ್ಟನಡುವೆ ಬಂದು ಹುಟ್ಟು ಎತ್ತಿಡುತ್ತಿದ್ದ. ಹಗ್ಗಕ್ಕೆ ಕಟ್ಟಿದ ಕಲ್ಲು ಇಳಿಬಿಟ್ಟು ಹರಗೋಲನ್ನು ನಿಲ್ಲಿಸುತ್ತಿದ್ದ. ಆಮೇಲೆ ತಳಕ್ಕೆ ತೆರೆ ಬಡಿಯುವ ಸದ್ದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದ. ಮೌನಪ್ಪನೂ ಕೆಲವು ವರ್ಷ ಹಾಗೇ ಮಾಡಿದ. ಆಮೇಲೆ ಬಿಟ್ಟ. ಹೋಗುತ್ತ ಹೋಗುತ್ತಲೂ ಕಿವಿ ಕೇಳುತ್ತದೆ, ನಿಲ್ಲಿಸುವುದು ಯಾಕೆ, ಮುದುಕರಿಗೆ ಕೆಲಸವಿರಲಿಲ್ಲ ಅಂದುಕೊಂಡ. ಅವನ ಬಲೆ ಯಾವಾಗಲೂ ತೆಂಕಣ ಮೂಲೆಯಲ್ಲಿ ಇರುತ್ತಿದ್ದವು, ಬರುವಾಗ ತೆರೆ ಬಗಲಿಗೆ ಬಡಿಯುತ್ತಿದ್ದವು, ಅವನ ಮಾತು ಯಾವತ್ತೂ ಸುಳ್ಳಾಗಲಿಲ್ಲ. ಮೌನಪ್ಪ ಅಂದರೆ ಆಯಿತು ಅನ್ನುವ ಹಾಗಾಯಿತು.

ಆ ದಿನ ಮಾತ್ರ ಅವನು ಬಲೆಯನ್ನು ಮೂಡಣಕ್ಕೆ ಬಿಟ್ಟಿದ್ದ. ಮೂಡಗಾಳಿ ಎದ್ದಿತ್ತು. ಬೆನ್ನಿಗೆ ಗಾಳಿ, ಹರಗೋಲು ತಾನಾಗಿಯೇ ಊರ ಕಡೆ ಬರುತ್ತಿತ್ತು. ತಳಕ್ಕೆ ತೆರೆ ಬಡಿದು, ಇನ್ನೊಂದು ಬಡಿಯುವುದರೊಳಗೆ ಎಲೆ ಅಡಿಕೆ ಮಡಚಿ ಬಾಯಿಗೆ ಹಾಕಿಕೊಳ್ಳುವಷ್ಟು ಬಿಡುವು. ನೀರು ದಣಿದಿದೆ ಅಂದುಕೊಂಡ.

ದಂಡೆಯಲ್ಲಿ ಮೌನೇಶ್ವರಿ ಸೀರೆಯ ಸೆರಗು ಕಟ್ಟಿಕೊಂಡು ನಿಂತಿದ್ದಳು. ಅವನ ತಮ್ಮ ಭೀಮುವಿನ ಹೆಂಡತಿ. ಭೀಮು ಜ್ವರದಲ್ಲಿ ಹೋದ ಮೇಲೆ ಅವಳು ಕೂಲಿಗೆ ಹೋಗಲಿಲ್ಲ, ಗಂಡನ ಹರಗೋಲನ್ನೇ ಹಿಡಿದಳು. ಹೆಣ್ಣುಮಗಳು ನೀರಿಗೆ ಇಳಿಯುವುದೇ ಎಂದು ಊರು ಮೂಗು ಮುರಿದಾಗ ಮೌನಪ್ಪ ಎದುರಿಗೆ ನಿಂತು ಹುಟ್ಟು ಹಾಕುವುದನ್ನು ಕಲಿಸಿದ್ದ.

"ಭಾವಾರ, ನೀರು ಹೆಂಗದ್ರಿ?"

"ತೆರಿ ಸೋತಾವ ಯವ್ವಾ. ಬಿಡುವು ಕೊಟ್ಟ ಬರಾಕತ್ತಾವ. ಕೈ ಸಾವಕಾಶ ಇಟ್ಕೊಂಡು ಹೋಗು."

ಪೆಟ್ಟಿಗೆಯ ಹಗ್ಗ ಬಿಚ್ಚುತ್ತಿದ್ದ ಅಮೀನುದ್ದೀನ ತಲೆ ಎತ್ತಿದ. "ಮೌನಪ್ಪಣ್ಣ, ಗಾಳಿ ಭಾಳ ಜೋರ ಅದಲ್ಲೋ. ದಾರ್ಯಾಗ ನನ್ನ ಟೋಪಿನ ಹಾರಿಸ್ಕೊಂಡು ಹೋಗಿತ್ತು."

"ಗಾಳಿ ನಿನ್ನ ಟೋಪಿಗಿ ಹತ್ತೇದ, ನಮ್ಮ ಕೆರಿಗಲ್ಲ. ನೀ ಬರ್ಫ ನೋಡ್ಕೋ ಸಾಹೇಬ."

ಎಲ್ಲರೂ ನಕ್ಕರು. ಮೌನೇಶ್ವರಿಯೂ ನಕ್ಕು ಹರಗೋಲು ತಳ್ಳಿದಳು.

ಮೌನಪ್ಪ ದಂಡೆಯ ಎತ್ತರದ ಕಲ್ಲಿನ ಮೇಲೆ ಕುಂತ. ಹೆಂಡತಿ ಹಣಮಂತಮ್ಮ ತಂದ ಚಹಾ ಬಿಸಿಯಾಗಿತ್ತು. ಜೊಂಡು ದಾಟಿದ ಹರಗೋಲು ಆ ಎತ್ತರದಿಂದ ಕಾಣುತ್ತಿತ್ತು. ಅದು ತಲೆದೂಗುತ್ತಿತ್ತು, ಸಾವಕಾಶ ಅಲ್ಲ, ಮೇಲಿಂದ ಮೇಲೆ, ಹಕ್ಕಿ ಕಾಳು ಹೆಕ್ಕುವ ಹಾಗೆ. ಅವಳ ಕೈ ಮಾತ್ರ ಅವನು ಹೇಳಿದ ಹದದಲ್ಲೇ ಏಳುತ್ತಿತ್ತು, ಬೀಳುತ್ತಿತ್ತು. ಅವನಿಗೆ ಕೂಗಬೇಕು ಅನಿಸಿತು. ಏನೆಂದು ಕೂಗುವುದು? ಈಗಿನ್ನೂ ಆಡಿದ ಮಾತು ಸುಳ್ಳು ಎಂದೇ? ಪಕ್ಕದಲ್ಲೇ ಅಮೀನುದ್ದೀನ, ಆಗತಾನೇ ನಗೆಪಾಟಲಾದವನು, ನಿಂತಿದ್ದ. ಹುಡುಗಿ ಗಟ್ಟಿಗಿತ್ತಿ, ಸಂಭಾಳಿಸಿಕೊಳ್ಳುತ್ತಾಳೆ ಅಂದುಕೊಂಡು ಮೌನಪ್ಪ ಇನ್ನೊಂದು ಗುಟುಕು ಚಹಾ ಕುಡಿದ.

ಗುಟುಕು ಗಂಟಲಲ್ಲಿ ಇಳಿಯುವುದರೊಳಗೆ ಹರಗೋಲು ಬೋರಲಾಯಿತು.

ಮೊದಲು ನೀರಿಗೆ ಹಾರಿದವನು ಮಲ್ಲು. ಕೆರೆಯವರಲ್ಲೇ ರಟ್ಟೆ ಗಟ್ಟಿಯಿದ್ದ ಹುಡುಗ. ಕೂದಲು ಹಿಡಿದು ಎಳೆದು ತಂದ. ಜೀವ ಉಳಿಯಿತು. ಆದರೆ ನೀರೊಳಗಿನ ಜಾಲಿ ಬೊಡ್ಡೆಗೆ ಬಡಿದು ಎಡಭುಜದ ಎಲುಬು ಮುರಿದಿತ್ತು. ಬಲೆ ಹೋಯಿತು. ಸುರಪುರದ ದವಾಖಾನೆಗೆ ಒಯ್ಯುವ ಟಂಟಂ ಆಟೋ ಬರುವತನಕ ಅವಳು ಹಲ್ಲು ಕಚ್ಚಿಕೊಂಡು ಮಲಗಿದ್ದಳು.

"ನೀರು ಹೆಂಗಿತ್ತೋ ಮೌನಪ್ಪ?" ಎಂದು ಸುತ್ತ ನಿಂತವರು ಕೇಳಿದರು.

"ನಾ ಬರೂ ಮುಂದ ಸುಮ್ಮನಿತ್ತು," ಅಂದ. ಅದು ಸುಳ್ಳಲ್ಲ. ಅವನ ಕಿವಿ ಕೇಳಿದ್ದೇ ಅದು. ಕಣ್ಣು ಕಂಡದ್ದನ್ನು ಮಾತ್ರ ಹೇಳಲಿಲ್ಲ.

ಸುರಪುರದಿಂದ ಬಂದ ಮೇಲೆ ಮೌನೇಶ್ವರಿ ಹೊರಸಿನ ಮೇಲೆ ಕೈ ಕಟ್ಟಿಸಿಕೊಂಡು ಕುಂತಳು. ನೋಡಲು ಬಂದವರಿಗೆಲ್ಲ ಒಂದೇ ಮಾತು. "ಭಾವಾರ ಮಾತ ಖರೇನ ಇತ್ತರಿ. ನನ್ನ ಕೈನ ಹದಾ ತಪ್ಪಿತು. ಈ ಸುಡುಗಾಡ ಕೈ." ಹಾಗೆಂದು ನೆಟ್ಟಗಿದ್ದ ಬಲಗೈಯನ್ನು ಗಾಳಿಯಲ್ಲಿ ಹುಟ್ಟಿನ ಹಾಗೆ ಆಡಿಸಿ, ತೊಡೆಗೆ ಬಡಿದುಕೊಳ್ಳುತ್ತಿದ್ದಳು. ಮೌನಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಒಳಗೆ ಕಾಲಿಡುವುದು ಅವನಿಂದ ಆಗುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಮತ್ತೆ ಮೆಟ್ಟಿಕೊಂಡು ಬರುತ್ತಿದ್ದ.

"ರೊಟ್ಟಿ ಯಾಕ ಹಂಗ ಬಿಟ್ಟಿ?" ಎಂದು ಹಣಮಂತಮ್ಮ ಕೇಳಿದಳು. "ಪುಂಡಿಪಲ್ಯಾ ಸೇರಲಿಲ್ಲೇನು?"

"ಹಸಿವಿಲ್ಲ."

"ಅಕಿ ಎಲುಬು ಮುರದ್ರ ನಿನ್ನ ಹೊಟ್ಟಿ ಯಾಕ ಕಟ್ಟೀತು? ನೀ ಏನು ಅಕಿನ್ನ ನೂಕಿ ಬಂದಿಯೇನು?"

ಮೌನಪ್ಪ ಗಂಗಾಳದ ಮುಂದಿನಿಂದ ಎದ್ದ. ಅವಳು ತಮಾಷೆಗೆ ಅಂದದ್ದು. ಅವನಿಗೆ ಅದು ತಮಾಷೆ ಆಗಲಿಲ್ಲ.

ಅಷ್ಟರಲ್ಲಿ ಊರಲ್ಲಿ ಇನ್ನೊಂದು ಮಾತು ಎದ್ದಿತು. ಕೆರೆಯಲ್ಲಿ ಬಲೆ ಬಿಡಲು ಭೀಮುವಿನ ಪಾಲಿಗಿದ್ದ ಜಾಗವನ್ನು ಮೌನೇಶ್ವರಿಯಿಂದ ಬಿಡಿಸಿ ಮಲ್ಲುವಿಗೆ ಕೊಡಬೇಕು ಎಂದು. ಮಲ್ಲು ಕೆಟ್ಟವನಲ್ಲ, ಅವಳನ್ನು ಎಳೆದು ತಂದವನೇ ಅವನು. ಅದೇ ಅವನ ಬಾಯಿಗೆ ಬಲ ಕೊಟ್ಟಿತ್ತು. "ಸಾವಕಾಶ ಇದ್ದ ನೀರಾಗ ಮಗಚಿಕೊಂಡಾಳಂದ್ರ, ಜೋರ ನೀರಾಗ ಏನ್ ಮಾಡ್ಯಾಳು? ನಾಳಿ ಜೀವ ಹೋದ್ರ ಜಿಮ್ಮೇದಾರಿ ಯಾರದ್ರಿ?" ಅನ್ನುತ್ತಿದ್ದ. ಶಿವರಾತ್ರಿ ಮುಗಿದ ಮೇಲೆ ಕೆರೆಯವರು ಕೂಡುವ ದಿನ ಇದರ ತೀರ್ಮಾನ ಎಂದಾಯಿತು. ಜಾಗ ಹೋದರೆ ಮೌನೇಶ್ವರಿಗೆ ಹತ್ತಿ ಬಿಡಿಸುವ ಕೂಲಿಯೇ ಗತಿ. ಅದು ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗಿಂತ ಹೆಚ್ಚು ಮೌನಪ್ಪನಿಗೆ.

ಅವನು ತನ್ನೊಳಗೇ ವಾದ ಮಾಡಿದ. ನೀರು ಸುಮ್ಮನಿತ್ತು, ಕಿವಿಯಾರೆ ಕೇಳಿದ್ದೇನೆ. ಅವಳು ಹೋಗುವಾಗ ಹರಗೋಲು ಕುಣಿಯುತ್ತಿತ್ತು, ಕಣ್ಣಾರೆ ಕಂಡಿದ್ದೇನೆ. ಒಂದು ಚಹಾ ಕುಡಿಯುವ ಹೊತ್ತಿನಲ್ಲಿ ಕೆರೆ ಬೇರೆ ಆಗುವುದು ಹೇಗೆ? ಕಿವಿ ಸುಳ್ಳೋ, ಕಣ್ಣು ಸುಳ್ಳೋ? ಯಾವುದೂ ಬಗೆಹರಿಯಲಿಲ್ಲ.

ಶಿವರಾತ್ರಿಗೆ ಮುಂಚೆ ಒಂದು ದಿನ ಸುರಪುರದ ಕಡೆಯ ಸಾಲೆಯ ಅಕ್ಕೋರು ಬಸವೇಶ್ವರಿ, ಮಕ್ಕಳನ್ನು ಕರೆದುಕೊಂಡು ಹಿರೇಕೆರೆಯ ಒಡ್ಡಿಗೆ ಬಂದರು. ಬೋನಾಳದಲ್ಲಿ ಹಕ್ಕಿ ನೋಡಿ ಬಂದಿದ್ದರಂತೆ. ತೆರೆಯ ಪಾಠ ಇಲ್ಲಿ ಮಾಡುತ್ತೇವೆ, ನೀರೊಳಗೆ ಒಂದು ಗಳ ನೆಟ್ಟು ಕೊಡುವಿರಾ ಎಂದು ಮೌನಪ್ಪನನ್ನು ಕೇಳಿದರು. ಅವನು ಒಡ್ಡಿನಿಂದ ಸ್ವಲ್ಪ ಒಳಗೆ ಬಿದಿರಿನ ಗಳ ಊರಿಕೊಟ್ಟ. ಅಂದೂ ಮೂಡಗಾಳಿ ಬೀಸುತ್ತಿತ್ತು.

"ಗಳಕ್ಕ ತೆರಿ ಬಂದು ಬಡದ ಕೂಡ್ಲೇ ಬಂತು ಅಂತ ಎಲ್ಲಾರೂ ಕೂಗ್ರಿ," ಅಂದರು ಅಕ್ಕೋರು. ಮಕ್ಕಳು "ಬಂತು! ಬಂತು!" ಎಂದು ಕೂಗಿದರು. "ಈಗ ನೋಡ್ರಿ. ಒಂದು ಬಂತಿನಿಂದ ಇನ್ನೊಂದು ಬಂತಿನ ತನಕ ಎಷ್ಟು ಹೊತ್ತ, ಅದು ಆವರ್ತಕಾಲ. ಒಂದು ನಿಮಿಷದಾಗ ಎಷ್ಟು ಸಲ ಬಂತು, ಅದು ಆವೃತ್ತಿ. ಇವೆರಡೂ ತಕ್ಕಡಿ ಇದ್ದಂಗ. ಒಂದು ಏರಿದ್ರ ಇನ್ನೊಂದು ಇಳೀತದ. ಯಾರಿಗಿ ತಿಳೀತು?"

ಎರಡು ಜಡೆಯ ಒಂದು ಹುಡುಗಿ ಎದ್ದಳು. "ನಮ್ಮವ್ವ ರೊಟ್ಟಿ ಬಡದಂಗ್ರಿ ಅಕ್ಕೋರೆ. ಜಲ್ದಿ ಜಲ್ದಿ ಬಡದ್ರ ಸಪ್ಪಳ ಭಾಳ ಆಗ್ತಾವ, ನಡುವ ಬಿಡುವ ಇರಂಗಿಲ್ಲ. ಸಿಟ್ಟ ಬಂದಾಗ ಹಂಗ ಬಡೀತಾಳ್ರಿ."

ಎಲ್ಲರೂ ನಕ್ಕರು. ಅಕ್ಕೋರೂ ನಕ್ಕರು. ಮೌನಪ್ಪ ಮನಸ್ಸಿನಲ್ಲೇ, ಇದೇನು ದೊಡ್ಡ ಪಾಠ, ನಮ್ಮ ನೀರುಮಾತೂ ಇದೇ ಅಲ್ಲವೇ ಅಂದುಕೊಂಡು, ಬಲೆ ಎತ್ತಲು ಹರಗೋಲು ಹತ್ತಿದ. ಮೂಡಣಕ್ಕೆ, ಗಾಳಿಗೆ ಎದುರಾಗಿ ಹೊರಟ.

ಹಿಂದೆ ಮಕ್ಕಳು ಕೂಗುತ್ತಲೇ ಇದ್ದರು. ಬಂತು, ಬಂತು. ಅವನ ತಳಕ್ಕೆ ತೆರೆ ಬಡಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅವನ ಕೈ ನಿಂತಿತು. ಕೂಗಿಗೂ ಬಡಿತಕ್ಕೂ ಜೋಡಿ ಕೂಡುತ್ತಿರಲಿಲ್ಲ. ಮಕ್ಕಳು ಒಮ್ಮೆ ಬಂತು ಅಂದು ಇನ್ನೊಮ್ಮೆ ಅನ್ನುವುದರೊಳಗೆ ತೆರೆ ಅವನಿಗೆ ಬಡಿದು ಮತ್ತೊಂದು ಬಡಿಯಲು ಓಡಿ ಬರುತ್ತಿತ್ತು. ಗಳ ನಿಂತಲ್ಲೇ ನಿಂತಿತ್ತು, ತಾನು ತೆರೆಯ ಎದುರಿಗೆ ಹೋಗುತ್ತಿದ್ದ. ಜಾತ್ರೆಗೆ ಹೊರಟ ಮಂದಿಗೆ ಎದುರಾಗಿ ನಡೆದವನಿಗೆ ದಾರಿಯ ತುಂಬ ಮಂದಿ ಕಂಡಂತೆ.

ಮೌನಪ್ಪ ಬಲೆ ಎತ್ತಲಿಲ್ಲ. ಹರಗೋಲು ತಿರುಗಿಸಿ ಒಡ್ಡಿನ ಕಡೆ ಬಂದ. ಈಗ ಗಾಳಿ ಬೆನ್ನಿಗೆ. ಈಗ ಮಕ್ಕಳ ಕೂಗೇ ಮುಂದೆ ಓಡುತ್ತಿತ್ತು. ತಳದ ಬಡಿತ ಹಿಂದೆ ಬೀಳುತ್ತಿತ್ತು. ಬಡಿದು, ಇನ್ನೊಂದು ಬಡಿಯುವುದರೊಳಗೆ ಎಲೆ ಅಡಿಕೆ ಮಡಚುವಷ್ಟು ಬಿಡುವು. ಅದೇ ಬಿಡುವು. ಕೆರೆ ಅದೇ, ಗಾಳಿ ಅದೇ, ಗಳಕ್ಕೆ ಬಡಿಯುವ ತೆರೆ ಅದೇ. ತೆರೆ ಸೋತಿರಲಿಲ್ಲ. ತೆರೆ ಹೋಗುವ ಕಡೆಗೇ ತಾನೂ ಹೋಗುತ್ತಿದ್ದ, ಅದಕ್ಕೇ ಅವು ಅವನನ್ನು ತಡವಾಗಿ ಮುಟ್ಟುತ್ತಿದ್ದವು. ಅಪ್ಪ ಕಲ್ಲು ಇಳಿಬಿಟ್ಟು ಹರಗೋಲು ನಿಲ್ಲಿಸುತ್ತಿದ್ದದ್ದು ಕೆಲಸವಿಲ್ಲದೆ ಅಲ್ಲ.

ಕೆರೆಯವರು ಕೂಡುವ ದಿನ ಮಧ್ಯಾಹ್ನ ಎಲ್ಲರೂ ಒಡ್ಡಿನ ಬೇವಿನ ಗಿಡದ ಕೆಳಗೆ ಕುಂತರು. ಮೌನೇಶ್ವರಿ ಹಣಮಂತಮ್ಮನ ಬಗಲಿಗೆ ತಲೆ ತಗ್ಗಿಸಿ ಕುಂತಿದ್ದಳು. ಕೈಕಟ್ಟು ಬಿಚ್ಚಿ ಕೆಲವೇ ದಿನ ಆಗಿತ್ತು. ಮಲ್ಲು ತನ್ನ ಮಾತು ಹೇಳಿದ. ಹಿರಿಯರು ಹೂಂಗುಟ್ಟಿದರು. ಆಗ ಮೌನಪ್ಪ ಎದ್ದು ನಿಂತ.

"ಅಕಿ ಕೈ ತಪ್ಪಿಲ್ಲ. ನನ್ನ ಮಾತು ತಪ್ಪೇದ. ಅವತ್ತ ನಾ ತೆರಿ ಕೂಡ ಬಂದೆ, ಅಕಿ ತೆರಿಗಿ ಎದುರ ಹೋದ್ಲು. ನಾ ಕೇಳಿದ್ದ ಬಿಡುವು ಅಕಿಗಿ ಸಿಗಲಿಲ್ಲ."

"ಇದೇನೋ ಮಾತು! ಕೆರಿ ಒಂದ, ತೆರಿ ಒಂದ," ಅಂದ ಮಲ್ಲು. "ಮುದ್ಯಾ ಮೊನ್ನೆ ಸಾಲಿ ಹುಡುಗರ ಕೂಡ ಕುಂತಿದ್ದ. ಅ ಆ ಇ ಈ ಕಲಿತು ಬಂದಾನ."

"ಬಾ ಮಗನ, ಹರಗೋಲ ಹತ್ತು. ನಿನ್ನ ಕಿವಿಲೇ ಕೇಳು."

ಅಮೀನುದ್ದೀನ ಕೂಗುವ ಕೆಲಸ ವಹಿಸಿಕೊಂಡ. "ಮೀನ ಮಾರೂ ದನಿ, ಶಹಾಪುರದ ತನಕ ಕೇಳಸ್ತೀನಿ," ಎಂದು ಗಳದ ಎದುರು ನಿಂತು "ಬಂತು! ಬಂತು!" ಅಂದ. ಮಲ್ಲು ಗಾಳಿಗೆ ಎದುರು ಹೋದ, ತಿರುಗಿ ಬಂದ. ಹೋಗುವಾಗ ನಗುತ್ತಿದ್ದವನು ಬರುವಾಗ ನಗುತ್ತಿರಲಿಲ್ಲ. ಒಡ್ಡಿಗೆ ಇಳಿದು, ಒದ್ದೆ ಕಾಲಲ್ಲೇ ಮೌನೇಶ್ವರಿಯ ಮುಂದೆ ನಿಂತ.

"ಗಲತಿ ಆತಕ್ಕಾ. ಆ ಹದದಾಗ ಕೈ ಇಟ್ಟಿದ್ರ ನಾನೂ ಮಗಚಿಕೊಂಡು ಬೀಳ್ತಿದ್ದೆ."

ಜಾಗ ಮೌನೇಶ್ವರಿಗೇ ಉಳಿಯಿತು. ಅದಕ್ಕೆ ಯಾರೂ ಎದುರಾಡಲಿಲ್ಲ. ಅವಳು ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡುತ್ತ ಕುಂತಳು. ಆಮೇಲೆ ಬಂದು ಮೌನಪ್ಪನ ಕಾಲು ಮುಟ್ಟಿದಳು. "ಭಾವಾರ, ನನ್ನ ಮರ್ಯಾದಿ ಉಳಿಸಿದ್ರಿ," ಅಂದಳು. ಹಿರಿಯರು ಬೆನ್ನು ತಟ್ಟಿದರು. ತನ್ನ ತಪ್ಪು ತಾನೇ ಎತ್ತಿ ಆಡಿದ, ದೊಡ್ಡ ಮನುಷ್ಯ ಅಂದರು. ಅಮೀನುದ್ದೀನ ಅಂದು ಯಾರಿಗೂ ಹೇಳದೆ ಮೌನಪ್ಪನ ಬುಟ್ಟಿಯ ಮೀನಿಗೆ ಒಂದು ಹಿಡಿ ಬರ್ಫ ಹೆಚ್ಚು ಹಾಕಿದ.

ಮೌನಪ್ಪನಿಗೆ ಮಾತ್ರ ನೆಲ ಬಿರಿದು ನುಂಗಬಾರದೇ ಅನಿಸಿತು. ಎಣಿಕೆ ತಪ್ಪಿದ್ದು ಅವನಿಗೆ ಗೊತ್ತಿರಲಿಲ್ಲ, ಅದನ್ನು ಊರ ಮುಂದೆ ಹೇಳಿದ. ಕೂಗದೆ ಕುಂತದ್ದು ಗೊತ್ತಿತ್ತು, ಅದನ್ನು ನುಂಗಿದ. ಗೊತ್ತಿಲ್ಲದ ತಪ್ಪಿಗೆ ಹೂವು ಬಿದ್ದವು. ಗೊತ್ತಿದ್ದ ತಪ್ಪು ಹೊಟ್ಟೆಯೊಳಗೆ ಹಾಗೇ ಕುಂತಿತ್ತು.

ಅಂದಿನಿಂದ ಮೌನೇಶ್ವರಿ ಅವನ ಮನೆಗೆ ದಿನಾ ಏನಾದರೂ ತರಲು ಶುರುಮಾಡಿದಳು. ಒಂದು ದಿನ ಹುರಿದ ಮೀನು, ಒಂದು ದಿನ ಸಜ್ಜೆ ರೊಟ್ಟಿ. "ಭಾವಾರಿಗಿ ಕೊಡ್ರಿ ಅಕ್ಕಾ," ಅನ್ನುತ್ತಿದ್ದಳು. ಅವನು ಅದನ್ನು ಪಕ್ಕಕ್ಕೆ ಸರಿಸಿ ಏಳುತ್ತಿದ್ದ. ಹಣಮಂತಮ್ಮ ಸಿಟ್ಟಿಗೆದ್ದಳು. "ಈಗೇನು ಬಂತೋ ನಿನಗ? ಅಕಿ ಕೈ ನೆಟ್ಟಗಾತು, ಜಾಗ ಉಳೀತು. ಇನ್ನೂ ಯಾಕ ಮಾರಿ ಇಳಿಬಿಟ್ಟೀದಿ?"

ಯುಗಾದಿ ಹತ್ತಿರ ಬಂದಾಗ ಒಂದು ಸಂಜೆ ಅವನು ಮೌನೇಶ್ವರಿಯ ಮನೆಗೆ ಹೋದ. ಅವಳು ಅಂಗಳದಲ್ಲಿ ಹೊಸ ಬಲೆಗೆ ಬೆಂಡು ಕಟ್ಟುತ್ತಿದ್ದಳು. ಹರಗೋಲಿಗೆ ಹೊಸದಾಗಿ ಡಾಂಬರು ಬಳಿದು ಗೋಡೆಗೆ ಆನಿಸಿದ್ದಳು. ಅವನು ಕಟ್ಟೆಯ ಮೇಲೆ ಕುಂತ. ಅವಳು ಚಹಾ ಇಡಲು ಎದ್ದಳು.

"ಚಾ ಬ್ಯಾಡ ಯವ್ವಾ. ಕೂಡು. ಒಂದು ಮಾತು ಅದ."

ಅವಳು ಕುಂತಳು.

"ಅವತ್ತ ನೀ ಜೊಂಡು ದಾಟಿದ ಮ್ಯಾಲ ನಾ ನೋಡಿದೆ. ಹರಗೋಲ ಕುಣಿಯಾಕತ್ತಿತ್ತು. ನಿನ್ನ ಕೈ ಸಾವಕಾಶ ಇತ್ತು. ನನಗ ತಿಳೀತು. ಕೂಗಿದ್ರ ನಿನಗ ಕೇಳಸ್ತಿತ್ತು."

"ಮತ್ತ?"

"ಕೂಗಲಿಲ್ಲ. ಸಾಹೇಬ ನಗ್ತಾನಂತ. ಮಂದಿ ಮುಂದ ನನ್ನ ಮಾತು ಸುಳ್ಳಾಗ್ತದಂತ. ಚಾ ಕುಡಕೋತ ಕುಂತೆ."

ಮೌನೇಶ್ವರಿ ಕೈಯಲ್ಲಿದ್ದ ಬೆಂಡನ್ನು ದಾರದಿಂದ ಬಿಚ್ಚಿದಳು. ಮತ್ತೆ ಕಟ್ಟಿದಳು. ಬೀದಿಯಲ್ಲಿ ಯಾರದೋ ಎಮ್ಮೆ ಹೋಯಿತು.

"ನಾ ಈ ಕೈಗಿ ಎಷ್ಟು ಬೈದೀನಿ ಭಾವಾರ," ಅಂದಳು ಕೊನೆಗೆ. "ನೀವು ಬಾಗಿಲದಾಗ ನಿಂತು ಕೇಳ್ತಿದ್ರಿ."

"ಕೇಳ್ತಿದ್ದೆ."

"ಎಣಿಕಿ ತಪ್ಪಿದ್ದು ಬಿಡ್ರಿ. ಅದು ಯಾರಿಗಿ ಬೇಕಾದ್ರೂ ತಪ್ತದ. ಗಂಡ ಹೋದ ಮ್ಯಾಲ ನಾ ನೀರಿಗಿ ಇಳದಿದ್ದು ನೀರು ನಂಬಿ ಅಲ್ಲ. ದಂಡಿ ಮ್ಯಾಲ ಭಾವಾರ ಅದಾರ, ಏನರೆ ಆದ್ರ ಕೂಗ್ತಾರ ಅಂತ."

ಮೌನಪ್ಪ ಕಟ್ಟೆಯಿಂದ ಎದ್ದು ನಿಂತ.

"ಹೇಳಬಾರದಿತ್ತರಿ," ಅಂದಳು ಅವಳು. ಸಿಟ್ಟಿರಲಿಲ್ಲ. "ಹೇಳದಿದ್ರ ಇಲ್ಲೇ ಇರ್ತಿದ್ದೆ. ಹೇಳಿದ್ದೂ ಚಲೋನ ಆತು. ಇನ್ನ ನಾ ಯಾರ ಮಾತೂ ಕೇಳಿ ನೀರಿಗಿ ಇಳಿಯಂಗಿಲ್ಲ."

ಅವಳ ಅಣ್ಣನ ಮನೆ ವಡಗೇರಾದ ಕಡೆ, ಹೊಳೆಯ ದಂಡೆಯ ಊರಲ್ಲಿ. ಅಲ್ಲಿ ಹರಿಯುವ ನೀರು, ಅಲ್ಲಿ ನೀರುಮಾತಿನ ರೂಢಿ ಇಲ್ಲ, ಅವರವರ ಕಣ್ಣು ಅವರವರಿಗೆ. ಜಾಗವನ್ನು ಮಲ್ಲುವಿಗೆ ಬಾಯಿಮಾತಿನಲ್ಲೇ ಬಿಟ್ಟುಕೊಟ್ಟಳು. ಮಲ್ಲು ಬೇಡ ಅಕ್ಕಾ ಎಂದು ಎಷ್ಟೋ ಹೇಳಿದ, ಕೇಳಲಿಲ್ಲ. ಕಾರಣ ಯಾರಿಗೂ ಹೇಳಲಿಲ್ಲ. ಭಾವನ ಮರ್ಯಾದೆಯನ್ನು ಆಡಿಕೊಳ್ಳುವ ಬಾಯಿಗೆ ಹಾಕಿ ಹೋಗಲಿಲ್ಲ. ಅದನ್ನು ಅವನ ಕೈಯಲ್ಲೇ ಬಿಟ್ಟು ಹೋದಳು. ಅವನಿಗೆ ಅದೇ ಹೆಚ್ಚು ಭಾರವಾಯಿತು.

ಹೊರಡುವ ದಿನ ಹಣಮಂತಮ್ಮ ಟಂಟಮ್ಮಿಗೆ ಅಡ್ಡ ನಿಂತಳು. "ಇವತ್ತ ಮಂಗಳಾರ ಅದವ್ವಾ, ಹೆಣ್ಣಮಕ್ಕಳನ್ನ ಮನಿಯಿಂದ ಕಳಸೂ ದಿನ ಅಲ್ಲ. ನಾಳಿ ಹೋಗು, ಹೋಳಿಗಿ ಮಾಡಿ ಕಳಸ್ತೀನಿ." ಮೌನೇಶ್ವರಿ ಅವಳ ಕೆನ್ನೆ ಸವರಿ ನಕ್ಕಳು. ಮೌನಪ್ಪ ಮತ್ತು ಮಲ್ಲು ಇಬ್ಬರೂ ಕೂಡಿ ಹರಗೋಲನ್ನು ಎತ್ತಿ ಟಂಟಮ್ಮಿನ ಮೇಲೆ ಬೋರಲು ಹಾಕಿ, ಹಗ್ಗ ಬಿಗಿದರು. ಮೌನೇಶ್ವರಿ ಮೌನಪ್ಪನ ಕಟ್ಟನ್ನು ಒಮ್ಮೆ ತಾನೇ ಎಳೆದು ನೋಡಿದಳು, ಸಡಿಲ ಅನಿಸಿರಬೇಕು, ಬಿಚ್ಚಿ ತನ್ನ ಕೈಯಾರೆ ಇನ್ನೊಮ್ಮೆ ಕಟ್ಟಿಕೊಂಡಳು. ಆಮೇಲೆ ಡ್ರೈವರನ ಬಗಲಿಗೆ ಕುಂತಳು. ಯುಗಾದಿಗೆ ಮುಂಚಿನ ಆ ಮಂಗಳವಾರ ಮೌನೇಶ್ವರಿ ಊರು ಬಿಟ್ಟು ಹೋದಳು.